ಪುಕ್ಕಟೆಗೆ ಮೂರು ಕೊಟೇಶನ್ ತನ್ನಿ

ಮಂಜೇಶ್ವರ ಕಡೆಯ ಒಂದು ಲೈಬ್ರರಿಗೆ ಪುಸ್ತಕಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಹಾಕಿಸಬೇಕು ಅಂತ ಕಮಿಟಿ ತೀರ್ಮಾನ ಮಾಡಿತು. ಕಾಲೇಜು ಹುಡುಗನೊಬ್ಬ 'ಕೋಹಾ ಹಾಕಿ, ದುಡ್ಡು ಕೊಡೋದೇ ಬೇಡ' ಅಂದ. ನ್ಯೂಜಿಲೆಂಡಿನ ಲೈಬ್ರರಿಯೊಂದು 1999ರಲ್ಲಿ ಮಾಡಿಸಲು ಹೊರಟು, 2000ದ ಜನವರಿಯಲ್ಲಿ ಬಳಕೆಗೆ ತಂದು, ಬೇಕಾದವರು ತಗೊಳ್ಳಿ ಅಂತ ಜಗತ್ತಿಗೇ ಬಿಟ್ಟುಕೊಟ್ಟದ್ದು ಅದು. ಕೇರಳದ ಎಷ್ಟೋ ಕಾಲೇಜುಗಳಲ್ಲಿ ಓಡುತ್ತಾ ಉಂಟು.

ಕಮಿಟಿ ಕೇಳಿತು: 'ಕೊಟೇಶನ್ ಎಲ್ಲಿ?'

ಸೊನ್ನೆ ರೂಪಾಯಿಗೆ ಕೊಟೇಶನ್ ಯಾರು ಕೊಡ್ತಾರೆ ಮಾರಾಯ್ರೆ? ಆದರೆ ಮೂರು ಕೊಟೇಶನ್ ಇಲ್ಲದೆ ಏನನ್ನೂ ಆರಿಸುವ ಹಾಗಿಲ್ಲ, ಬಿಲ್ ಇಲ್ಲದಿದ್ದರೆ ಆಡಿಟರ್ ಬಿಡುವುದಿಲ್ಲ. ಪುಕ್ಕಟೆಯದ್ದು ಅಲ್ಲಿಗೇ ಔಟ್.

ಪುಕ್ಕಟೆಗೂ ಖರ್ಚಿದೆ, ಇಲ್ಲ ಅನ್ನುವುದಿಲ್ಲ. ಕೋಹಾ ಓಡುವ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಗೊತ್ತಿರುವ ಜನ ಬೇಕು, ಸರ್ವರ್ ಬೇಕು, ಬ್ಯಾಕಪ್ ಬೇಕು, ಎಲ್ಲಕ್ಕಿಂತ ಜಾಸ್ತಿ ಅಂದ್ರೆ ಕಪಾಟಿನ ಒಂದೊಂದು ಪುಸ್ತಕವನ್ನೂ ಇಳಿಸಿ, ಧೂಳು ಒರೆಸಿ, ವಿವರ ಟೈಪ್ ಮಾಡಿ ಬಾರ್‌ಕೋಡ್ ಅಂಟಿಸುವವರು ಬೇಕು. ಯಾವ ಸಾಫ್ಟ್‌ವೇರ್ ತಂದರೂ ಆ ಕೂಲಿ ತಪ್ಪಿದ್ದಲ್ಲ. ಅದರ ಲೆಕ್ಕ ಯಾರೂ ಕೇಳಲಿಲ್ಲ. ಕೇಳಿದ್ದು, ಮೊಬೈಲ್ ಆಪ್ ಉಂಟಾ ಅಂತ.

ಸರಿ, ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರೇ ಬಂತು. ಕನ್ನಡ, ಮಲೆಯಾಳ ಎರಡೂ ಪುಸ್ತಕ ತುಂಬಿರುವ ಲೈಬ್ರರಿಗೆ ಕಂಪೆನಿಯವರು ಡೆಮೊ ಕೊಟ್ಟದ್ದು ಬರೀ ಇಂಗ್ಲಿಷ್ ಪುಸ್ತಕ ಇಟ್ಟುಕೊಂಡು! ಇಲ್ಲಿನ ಹಳೇ ಪಟ್ಟಿಯೋ, ಈಗ ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಯೂನಿಕೋಡ್ ಅಲ್ಲದ ಹಳೇ ನುಡಿ ಫಾಂಟಿನದ್ದು. ಒಳಗೆ ಹಾಕಿದ್ದೇ ತಡ, ಗೋವಿಂದ ಪೈಗಳ ಹೆಸರು ಇಂಗ್ಲಿಷ್ ಅಕ್ಷರ, ಕೊಕ್ಕೆ, ಚುಕ್ಕೆಗಳ ಸಾಲಾಯಿತು. ರಾಷ್ಟ್ರಕವಿ ತಮ್ಮೂರಲ್ಲೇ ನಾಪತ್ತೆ. 'ಸರಿ ಮಾಡಿಕೊಡ್ತೇವೆ ಸಾರ್, ಅದು ಕಸ್ಟಮೈಸೇಶನ್, ಚಾರ್ಜು ಬೇರೆ.'

ಮೇಲೆ ವರ್ಷ ವರ್ಷ ಎಎಂಸಿ, ಅಂದ್ರೆ ನಿರ್ವಹಣೆಯ ಚಾರ್ಜು. ಬೇಡ, ಬಿಟ್ಟುಬಿಡ್ತೇವೆ ಅಂದ್ರೆ ಡೇಟಾ ಹೊರಗೆ ತೆಗೆದುಕೊಡುವುದಕ್ಕೂ ದುಡ್ಡು. ಅಂದ್ರೆ ನಮ್ಮ ಪುಸ್ತಕಗಳ ಬಗ್ಗೆ ನಾವೇ ಟೈಪ್ ಮಾಡಿದ ಪಟ್ಟಿಯನ್ನು ನಾವೇ ಕೊಂಡುಕೊಳ್ಳಬೇಕು! ಕೇಳಿದಾಗ, ಹೆಚ್ಚಿನ ಲೈಬ್ರರಿ ಸಾಫ್ಟ್‌ವೇರ್‌ಗಳು ಓದುವ ಮಾರ್ಕ್ 21 ರೂಪದಲ್ಲಿ ಪುಕ್ಕಟೆ ಕೊಡಬೇಕು ಅಂತ ಒಪ್ಪಂದದಲ್ಲಿ ಒಂದು ಸಾಲು ಬರೆಸಿದ್ದರೆ ಮುಗಿದಿತ್ತು. ಒಪ್ಪಂದ ಓದಿದವರು ಯಾರು? ಉದ್ಘಾಟನೆಗೆ ಯಾರನ್ನು ಕರೆಯುವುದು ಅನ್ನುವುದರಲ್ಲೇ ಮೀಟಿಂಗ್ ಮುಗಿದಿತ್ತು.

ಮಳೆಗಾಲದಲ್ಲಿ ಕರೆಂಟು ಹೋದಾಗ ಲೈಬ್ರೇರಿಯನ್ ಅಕ್ಕ ಸುಮ್ನೆ ಡ್ರಾಯರ್ ಎಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಾರೆ. ಕರೆಂಟು ಬಂದ ಮೇಲೆ ಅದನ್ನೇ ಮತ್ತೆ ಕಂಪ್ಯೂಟರಿಗೆ ಹಾಕುತ್ತಾರೆ. ಕೆಲಸ ಡಬಲ್, ಸಂಬಳ ಅಷ್ಟೇ.

ಈ ಸಲ ಹೊಸ ಪುಸ್ತಕಕ್ಕೆ ದುಡ್ಡು ಉಳಿಯಲಿಲ್ಲ. ಅದನ್ನು ಕೇಳಿದರೆ ಕಮಿಟಿಯವರೊಬ್ಬರು ಸಮಾಧಾನ ಹೇಳಿದರು: 'ಒಳ್ಳೆದೇ ಆಯ್ತಲ್ವಾ, ಪುಸ್ತಕ ಬಂದ್ರೆ ಎಂಟ್ರಿ ಮಾಡುವವರು ಯಾರು?'