ಹಾರ್ಡ್‌ವಿಕ್ ಹಾಲ್: ಗಾಜಿನ ಹಿಂದಿನ ಗೋಡೆ

ಇಂಗ್ಲೆಂಡಿನ ಹಳೇ ಬಂಗಲೆ ಹಾರ್ಡ್‌ವಿಕ್ ಹಾಲ್‌ನ ದೊಡ್ಡ ದೊಡ್ಡ ಗಾಜಿನ ಕಿಟಕಿಗಳ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಇಷ್ಟು ಗಾಜು ಇಟ್ಟೂ ಮನೆ ಹೇಗೆ ನಿಂತಿದೆ ಅನ್ನೋದು ಅದರಲ್ಲಿ ಬಿಟ್ಟುಹೋಗಿದೆ, ನನಗೆ ಮುಖ್ಯ ಅನ್ನಿಸೋದು ಅದೇ.

1590ರ ದಶಕದಲ್ಲಿ ಡರ್ಬಿಶೈರ್‌ನಲ್ಲಿ ಬೆಸ್ ಆಫ್ ಹಾರ್ಡ್‌ವಿಕ್ ಎಂಬ ಶ್ರೀಮಂತ ಮಹಿಳೆ ಕಟ್ಟಿಸಿದ ಮನೆ ಇದು, ವಿನ್ಯಾಸ ವಾಸ್ತುಶಿಲ್ಪಿ ರಾಬರ್ಟ್ ಸ್ಮಿತ್‌ಸನ್‌ನದು ಎನ್ನುತ್ತಾರೆ. ಹೊರಗೋಡೆಯ ಜಾಗವೆಲ್ಲ ಕಿಟಕಿಗೆ ಹೋಯಿತು. ಹಾಗಾಗಿ ಅಗ್ಗಿಷ್ಟಿಕೆ, ಹೊಗೆಕೊಳವೆಗಳಲ್ಲಿ ಹೆಚ್ಚಿನವು ಒಳಗಿನ ದಪ್ಪ ಗೋಡೆಗಳಿಗೆ ಸೇರಿದವು. ಮನೆಯ ಬೆನ್ನುಮೂಳೆ ಆ ಗೋಡೆಗಳೇ. ಕೆಲವು ಕಿಟಕಿಗಳಂತೂ ಹೊರನೋಟದ ಹೊಂದಾಣಿಕೆಗೆ ಮಾತ್ರ, ಗಾಜಿನ ಹಿಂದೆ ಬರೀ ಗೋಡೆ! ಮೇಲಕ್ಕೆ ಹೋದಂತೆ ಕಿಟಕಿ ಎತ್ತರವಾಗುತ್ತದೆ, ಯಾಕೆಂದರೆ ಅತಿಥಿಗಳ ದೊಡ್ಡ ಕೋಣೆಗಳಿರುವುದು ತುತ್ತತುದಿಯ ಅಂತಸ್ತಿನಲ್ಲಿ.

ದುರಸ್ತಿಯ ಬಗ್ಗೆಯೂ ಒಂದು ಮಾತು. ಇಂಥ ಮನೆಗಳ ಮರಳುಗಲ್ಲಿನ ಸಂದಿಗೆ ಸಿಮೆಂಟ್ ತುಂಬಲೇಬಾರದು. ಸಿಮೆಂಟ್ ಕಲ್ಲಿಗಿಂತ ಗಟ್ಟಿ, ನೀರನ್ನು ಹೊರಬಿಡುವುದಿಲ್ಲ. ತೇವ ಕಲ್ಲಿನ ಮೂಲಕವೇ ಹೊರಬರುತ್ತದೆ, ಉಪ್ಪು ಮತ್ತು ಚಳಿಗಾಲದ ಹಿಮ ಸೇರಿ ಕಲ್ಲಿನ ಮುಖ ಪದರಪದರವಾಗಿ ಉದುರುತ್ತದೆ. ಕೊನೆಗೆ ಸಿಮೆಂಟಿನ ಗೆರೆ ಮುಂದೆ ಚಾಚಿಕೊಂಡು, ಕಲ್ಲು ಹಿಂದೆ ಗುಳಿಬಿದ್ದಿರುತ್ತದೆ. ಹಳೇ ಗಾರೆಯನ್ನು ಸಂದಿಯ ಅಗಲದ ಎರಡರಷ್ಟು ಆಳಕ್ಕೆ ಕೈಯಿಂದಲೇ ಕೆರೆದು, ನೀರು ಚಿಮುಕಿಸಿ, ಒಂದು ಪಾಲು ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಒರಟು ಮರಳು ಬೆರೆಸಿದ ಗಾರೆ ಒತ್ತಬೇಕು. ಮೇಲೆ ಒದ್ದೆ ಗೋಣಿತಾಟು ಹೊದಿಸಬೇಕು. ತಾಪಮಾನ 5 ಡಿಗ್ರಿಗಿಂತ ಇಳಿಯುವ ದಿನಗಳಲ್ಲಿ ಈ ಕೆಲಸಕ್ಕೆ ಕೈಹಾಕಬಾರದು, ಗಾರೆ ಕಚ್ಚುವ ಮೊದಲೇ ಹೆಪ್ಪುಗಟ್ಟಿ ಪುಡಿಯಾಗುತ್ತದೆ.

ಕಿಟಕಿಯ ಕಲ್ಲುಕಂಬಿಗಳಲ್ಲಿ (ಕಿಟಕಿಯನ್ನು ಭಾಗ ಮಾಡುವ ಕಲ್ಲಿನ ಪಟ್ಟಿಗಳಲ್ಲಿ) ಕಬ್ಬಿಣದ ಸರಳಿದ್ದರೆ ಅದನ್ನು ಮೊದಲು ನೋಡಿ. ತುಕ್ಕು ಹಿಡಿದ ಕಬ್ಬಿಣ ಉಬ್ಬಿ ಕಲ್ಲನ್ನೇ ಸೀಳುತ್ತದೆ.