ಫ್ರೀಜರ್‌ನಲ್ಲಿ ಜಾಗ ಇದೆಯಾ?

ಐಸ್‌ಕ್ರೀಮ್ ಮೆಷಿನ್ ಕೊಳ್ಳುವ ಮುನ್ನ ದರ್ಜಿಯ ಟೇಪು ಹಿಡಿದು ಸ್ವಂತ ಫ್ರಿಜ್ಜಿನ ಮುಂದೆ ಒಮ್ಮೆ ನಿಂತು ಬರಬೇಕು. ಹೆಣ್ಣು ಗಂಡು ಒಪ್ಪಿಕೊಳ್ಳುವ ಮೊದಲು ಜಾತಕ ಕೂಡಿಸಿ ನೋಡಿದ ಹಾಗೆ. ಮಾರುವವರು ಮೋಟರಿನ ವ್ಯಾಟು, ಬಟನ್ನಿನ ಬಣ್ಣ, ಉಚಿತ ಚಮಚ ಎಲ್ಲವನ್ನೂ ಹೇಳುತ್ತಾರೆ. ನಿಮ್ಮ ಫ್ರೀಜರಿನ ಎತ್ತರ ಅವರಿಗೆ ಹೇಗೆ ಗೊತ್ತಾಗಬೇಕು? ಮೆಷಿನ್ನಿನೊಡನೆ ಬರುವ, ಮೊದಲೇ ಫ್ರೀಜರಿನಲ್ಲಿ ಇಡಬೇಕಾದ ಒಂದೂವರೆ ಲೀಟರಿನ ಬಟ್ಟಲು ಸುಮಾರು 15-16 ಸೆಂಟಿಮೀಟರ್ ಎತ್ತರ, 18-20 ಸೆಂಟಿಮೀಟರ್ ಅಗಲ ಇರುತ್ತದೆ. ಒಂಟಿ ಬಾಗಿಲ ಫ್ರಿಜ್ಜಿನ ಫ್ರೀಜರ್ ಹೊಸದರಲ್ಲಿ ಇದನ್ನು ಹೇಗೋ ನುಂಗೀತು. ಮೂರು ತಿಂಗಳು ಡಿಫ್ರಾಸ್ಟ್ ಮಾಡದೆ ಬಿಟ್ಟರೆ ಗೋಡೆಗಳಲ್ಲಿ ಹಿಮಾಲಯ ಬೆಳೆದು ಎರಡು ಹಾಲಿನ ಪ್ಯಾಕೆಟ್ ಮಲಗುವಷ್ಟೇ ಕಣಿವೆ ಉಳಿಯುತ್ತದೆ.

ಜೊತೆಗೆ ಕಾಯಂ ನಿವಾಸಿಗಳಿದ್ದಾರೆ. ಡಿಸೆಂಬರ್‌ನಲ್ಲಿ ಹಿತುಕಿದ ಅವರೆಬೇಳೆ, ವರ್ಷವಿಡೀ ತೆಂಗಿನತುರಿ, ಬಟಾಣಿ, ಕಾಯಿಸಲೆಂದು ಕೂಡಿಟ್ಟ ಬೆಣ್ಣೆ. ಕರಾವಳಿಯಾದರೆ ಬಂಗುಡೆ. ಇವರಲ್ಲಿ ಯಾರನ್ನು ಎಬ್ಬಿಸಬೇಕು ಎಂಬ ತೀರ್ಮಾನ ಮನೆಯ ಹಿರಿಯರ ವ್ಯಾಪ್ತಿಗೆ ಸೇರಿದ್ದು, ಮೆಷಿನ್ ತಂದವರಿಗೆ ಅಲ್ಲಿ ಮತದಾನದ ಹಕ್ಕಿಲ್ಲ.

ಇಷ್ಟೆಲ್ಲ ಏಕೆಂದರೆ, ಕಡಿಮೆ ಬೆಲೆಯ ಮೆಷಿನ್ ತಾನೇ ತಂಪು ಮಾಡುವುದಿಲ್ಲ. ಅದರ ಬಟ್ಟಲು ಎರಡು ಗೋಡೆಯದು, ನಡುವೆ ಹೆಪ್ಪುಗಟ್ಟುವ ದ್ರವ ತುಂಬಿರುತ್ತದೆ. ಅದನ್ನು ಮೈನಸ್ 18 ಡಿಗ್ರಿಯಲ್ಲಿ 16ರಿಂದ 24 ಗಂಟೆ ಇಡಬೇಕು. ಮೋಟರ್ ಮಾಡುವುದು ತಿರುಗಿಸುವ ಕೆಲಸ ಅಷ್ಟೆ. ಅಂದರೆ ಭಾನುವಾರ ಮಧ್ಯಾಹ್ನ ನೆಂಟರು ಬಂದು “ಓಹೋ, ಐಸ್‌ಕ್ರೀಮ್ ಮೆಷಿನ್ ತಗೊಂಡ್ರಾ?” ಎಂದು ಕಣ್ಣರಳಿಸಿದರೆ “ಹೌದು, ನಾಳೆ ಬನ್ನಿ” ಎನ್ನಬೇಕಾಗುತ್ತದೆ. ನಡುವೆ ನಾಲ್ಕು ಗಂಟೆ ಕರೆಂಟ್ ಹೋದರೆ, ನಾಡಿದ್ದು. ಬಟ್ಟಲು ತಯಾರಾಯಿತೋ ಇಲ್ಲವೋ ತಿಳಿಯಲು ಕಿವಿಯ ಹತ್ತಿರ ಹಿಡಿದು ಎಳನೀರು ಅಲ್ಲಾಡಿಸಿದಂತೆ ಅಲ್ಲಾಡಿಸಿ. ಒಳಗೆ ಗುಳುಗುಳು ಅಂದರೆ ವಾಪಸ್ ಒಳಗಿಡಿ. ಒದ್ದೆ ಕೈಯಲ್ಲಿ ಮಾತ್ರ ಮುಟ್ಟಬೇಡಿ, ಬೆರಳು ಲೋಹಕ್ಕೆ ಅಂಟುತ್ತದೆ. ಮಕ್ಕಳಿರುವ ಮನೆಯಲ್ಲಿ ಬೆರಳಿಗಿಂತ ಮೊದಲು ನಾಲಿಗೆ ಹೋಗುತ್ತದೆ.

ಮೊದಲ ದಿನದ ಅನಾಹುತ ಎಲ್ಲ ಮನೆಗಳಲ್ಲೂ ಒಂದೇ. ಬಟ್ಟಲಿಗೆ ಹಾಲು ಸುರಿದು, ಮುಚ್ಚಳ ಹಾಕಿ, ಆಮೇಲೆ ಸ್ವಿಚ್ ಒತ್ತುತ್ತಾರೆ. ಅಷ್ಟರಲ್ಲಿ ಗೋಡೆಗೆ ತಾಗಿದ ಹಾಲು ಕಲ್ಲಾಗಿ, ಅದನ್ನು ಕಲಕುವ ಪ್ಯಾಡಲ್ ಸಿಕ್ಕಿಕೊಂಡು, ಒಳಗಿನ ಪ್ಲಾಸ್ಟಿಕ್ ಗೇರು ಕಟಕಟ ಎಂದು ಹಲ್ಲು ಕಡಿಯತೊಡಗುತ್ತದೆ. ಕ್ರಮ ಉಲ್ಟಾ ಆಗಬೇಕು: ಖಾಲಿ ಮೆಷಿನ್ ತಿರುಗುತ್ತಿರಲಿ, ಮೇಲಿನ ಕಂಡಿಯಿಂದ ಹಾಲು ಸುರಿಯಿರಿ. ಆ ಹಾಲೂ ರಾತ್ರಿಯಿಡೀ ಫ್ರಿಜ್ಜಿನಲ್ಲಿದ್ದು 4 ಡಿಗ್ರಿಗೆ ಇಳಿದಿರಬೇಕು. ಒಲೆಯಿಂದ ಇಳಿಸಿ “ಸಾಕಷ್ಟು ಆರಿದೆ” ಎಂದು ಸುರಿದರೆ ಬಟ್ಟಲಿನ ತಂಪೆಲ್ಲ ಹಾಲನ್ನು ಆರಿಸುವುದರಲ್ಲೇ ಮುಗಿದು, ಅರ್ಧ ಗಂಟೆಯ ಬಳಿಕ ಒಳ್ಳೆಯ ಮಿಲ್ಕ್‌ಶೇಕ್ ಸಿಗುತ್ತದೆ. ಬಟ್ಟಲಿನ ಅಳತೆಯ ಶೇ. 60ಕ್ಕಿಂತ ಹೆಚ್ಚು ತುಂಬಲೂಬಾರದು. ತಿರುಗುತ್ತಾ ಗಾಳಿ ಸೇರಿ ಅದು ಉಬ್ಬುತ್ತದೆ. ಒಂದೂವರೆ ಲೀಟರಿನ ಬಟ್ಟಲನ್ನು ನಂಬಿ ಒಂದೂವರೆ ಲೀಟರ್ ಹಾಲು ಸುರಿದವರು ಮುಚ್ಚಳದ ಕಂಡಿಯಿಂದ ಬಾದಾಮಿ ಹಾಲಿನ ಜೋಗ ಇಳಿಯುವುದನ್ನು ನೋಡಿದ್ದಾರೆ.

ಈ ಕಾಯುವ ಕಷ್ಟ ಬೇಡವೆಂದರೆ ಕಂಪ್ರೆಸರ್ ಇರುವ ಮೆಷಿನ್ ಇದೆ. ಅದರೊಳಗೇ ಪುಟ್ಟ ಫ್ರಿಜ್ಜು ಇರುತ್ತದೆ, 30ರಿಂದ 60 ನಿಮಿಷಕ್ಕೆ ಒಂದು ಸರದಿ, ಕೂಡಲೇ ಇನ್ನೊಂದು. ಬೆಲೆ ಹಲವು ಪಟ್ಟು, ತೂಕ ಹತ್ತು ಕಿಲೋ ಆಸುಪಾಸು. ಅಟ್ಟದ ಮೇಲಿಟ್ಟರೆ ಮತ್ತೆ ಇಳಿಸುವುದು ಮಗಳ ಮದುವೆಗೇ. ಡೆಲಿವರಿಯವರು ಪೆಟ್ಟಿಗೆಯನ್ನು ಮಲಗಿಸಿ ತಂದಿದ್ದರೆ ನೇರ ನಿಲ್ಲಿಸಿ ಒಂದು ದಿನ ಸುಮ್ಮನೆ ಬಿಡಬೇಕು, ಕಂಪ್ರೆಸರಿನ ಎಣ್ಣೆ ತನ್ನ ಜಾಗಕ್ಕೆ ಇಳಿಯಬೇಕಲ್ಲ. ಕರೆಂಟ್ ಹೋಗಿ ಬಂದರೆ ಐದು ನಿಮಿಷ ತಾಳಿ ಆಮೇಲೆ ಚಾಲೂ ಮಾಡಿ. ಒಳಗಿನ ಅನಿಲದ ಒತ್ತಡ ಸರಿಹೋಗದೆ ಕಂಪ್ರೆಸರ್ ಏಳುವುದಿಲ್ಲ, ಏಳಿಸಲು ಹೋದರೆ ಬಿಸಿಯಾಗುತ್ತದೆ. ಇಕ್ಕಟ್ಟಾದ ಕಪಾಟಿನೊಳಗೆ ತಳ್ಳಿಡುವವರೂ ಇದ್ದಾರೆ. ಪಕ್ಕದ ಜಾಲರಿಯಿಂದ ಬಿಸಿಗಾಳಿ ಹೊರಹೋಗದೆ ಕಪಾಟಿನಲ್ಲಿ ಹಪ್ಪಳ ಒಣಗುತ್ತದೆ, ಐಸ್‌ಕ್ರೀಮ್ ಗಟ್ಟಿಯಾಗುವುದಿಲ್ಲ.

ಮೂರನೆಯ ದಾರಿ ಅಮೆರಿಕದಲ್ಲಿರುವ ಮಗನದು. ಸೂಟ್‌ಕೇಸಿನಲ್ಲಿ ಬಾದಾಮಿ, ಚಾಕೊಲೇಟ್ ನಡುವೆ ಬೆಚ್ಚಗೆ ಬಂದ ಮೆಷಿನ್ 120 ವೋಲ್ಟಿನದು, ಇಲ್ಲಿನ ಗೋಡೆಯಲ್ಲಿರುವುದು 230. ಪಿನ್ ಬದಲಿಸುವ ಅಡಾಪ್ಟರ್ ಪಿನ್ನನ್ನು ಮಾತ್ರ ಬದಲಿಸುತ್ತದೆ ಎಂಬ ಸತ್ಯ ಸುಟ್ಟ ವಾಸನೆಯ ಜೊತೆಗೇ ತಿಳಿಯುತ್ತದೆ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದರೆ ವೋಲ್ಟೇಜ್ ಇಳಿಯುತ್ತದೆ, ಆದರೆ ಕರೆಂಟಿನ ಕಂಪನದ ವೇಗ (ಹರ್ಟ್ಸ್) ಅಲ್ಲಿನ 60ರ ಬದಲು ಇಲ್ಲಿ 50 ಆಗಿಯೇ ಉಳಿಯುತ್ತದೆ. ಬಟ್ಟಲಿನ ಮಾದರಿಯಾದರೆ ಮೋಟರ್ ತುಸು ನಿಧಾನ ತಿರುಗೀತು, ಪರವಾಗಿಲ್ಲ. ಕಂಪ್ರೆಸರಿನದನ್ನು ತರಿಸಲೇಬೇಡಿ. ಮಗನಿಗೆ ಬಾದಾಮಿಯೇ ಸಾಕೆಂದು ಹೇಳಿ.

ಕರೆಂಟಿನ ಗೊಡವೆಯೇ ಬೇಡವೆನ್ನುವವರಿಗೆ ಕೈಯಲ್ಲಿ ತಿರುಗಿಸುವ ಮರದ ಬಕೆಟ್ಟಿದೆ. 1843ರಲ್ಲಿ ಅಮೆರಿಕದ ನ್ಯಾನ್ಸಿ ಜಾನ್ಸನ್ ಎಂಬ ಮಹಿಳೆ ಪೇಟೆಂಟ್ ಪಡೆದ ಉಪಾಯ ಇಂದಿಗೂ ಹೆಚ್ಚು ಬದಲಾಗಿಲ್ಲ. ನಡುವೆ ತಗಡಿನ ಡಬ್ಬಿ, ಸುತ್ತ ನಾಲ್ಕು ಕಿಲೋ ಐಸಿಗೆ ಒಂದು ಕಿಲೋ ಕಲ್ಲುಪ್ಪು. ಉಪ್ಪು ಐಸನ್ನು ಕರಗಿಸುತ್ತದೆ, ಕರಗಲು ಬೇಕಾದ ಶಾಖವನ್ನು ಐಸು ಪಕ್ಕದ ಹಾಲಿನಿಂದ ಕಿತ್ತುಕೊಳ್ಳುತ್ತದೆ. ಪುಡಿಉಪ್ಪು ಹಾಕಿದರೆ ಗಡಿಬಿಡಿಯಲ್ಲಿ ಕರಗಿ ತಳ ಸೇರುತ್ತದೆ. ಬಕೆಟ್ಟಿನ ಪಕ್ಕದಲ್ಲಿರುವ ತೂತನ್ನು ಯಾರೋ ಪುಣ್ಯಾತ್ಮರು “ಸೋರುತ್ತಿದೆ” ಎಂದು ಬಟ್ಟೆ ತುರುಕಿ ಮುಚ್ಚುತ್ತಾರೆ. ಆ ತೂತು ಇರುವುದೇ ಉಪ್ಪುನೀರು ಡಬ್ಬಿಯ ಮುಚ್ಚಳದ ಮಟ್ಟಕ್ಕೆ ಏರದಿರಲಿ ಎಂದು. ಮುಚ್ಚಿದರೆ ಮಾವಿನ ಐಸ್‌ಕ್ರೀಮಿಗೆ ಉಪ್ಪಿನಕಾಯಿಯ ರುಚಿ ಬರುತ್ತದೆ. ಅರ್ಧ ಗಂಟೆ ತಿರುಗಿಸುವ ಈ ಕೆಲಸಕ್ಕೆ ಮೊದಲ ಐದು ನಿಮಿಷ ಮಕ್ಕಳ ಸಾಲು ಇರುತ್ತದೆ. ಕೊನೆಯ ಹತ್ತು ನಿಮಿಷ, ಹಿಡಿ ನಿಜವಾಗಿ ಬಿಗಿಯಾಗುವಾಗ, ಅಪ್ಪ ಒಬ್ಬರೇ ಇರುತ್ತಾರೆ.

ಮೆಷಿನ್ ಯಾವುದೇ ಇರಲಿ, ಬೈಗುಳ ತಿನ್ನುವುದು ಅದು, ತಪ್ಪು ಮಾತ್ರ ಹಾಲಿನದು. ನಮ್ಮ ಪ್ಯಾಕೆಟ್ ಕ್ರೀಮಿನಲ್ಲಿ ಸಾಮಾನ್ಯವಾಗಿ ಶೇ. 25 ಕೊಬ್ಬು, ವಿದೇಶದ ವಿಡಿಯೋಗಳಲ್ಲಿ ಸುರಿಯುವ ಕ್ರೀಮಿನಲ್ಲಿ 35ರ ಮೇಲೆ. ಅಲ್ಲಿನ ಅಳತೆಯನ್ನು ಇಲ್ಲಿಗೆ ಎತ್ತಿ ತಂದರೆ ಸಿಗುವುದು ಐಸ್‌ಕ್ಯಾಂಡಿ. ಅರ್ಧ ಲೀಟರ್ ಫುಲ್ ಕ್ರೀಮ್ ಹಾಲು, 250 ಮಿಲಿ ಲೀಟರ್ ಕ್ರೀಮ್, 130 ಗ್ರಾಂ ಸಕ್ಕರೆ, 30 ಗ್ರಾಂ ಹಾಲಿನ ಪುಡಿ ಸೇರಿಸಿದರೆ ಕೊಬ್ಬು ಶೇ. 10ಕ್ಕೆ ಬರುತ್ತದೆ, ಒಂದೂವರೆ ಲೀಟರಿನ ಬಟ್ಟಲಿಗೂ ಸರಿಹೊಂದುತ್ತದೆ. ಸಕ್ಕರೆ ಇರುವುದು ಸಿಹಿಗೆ ಮಾತ್ರವಲ್ಲ, ಗೆಡ್ಡೆ ಕಟ್ಟದಂತೆ ಮೆತ್ತಗಿಡುವುದೂ ಅದೇ. ಶುಗರ್ ಇರುವ ಚಿಕ್ಕಪ್ಪನಿಗೆಂದು ಎರಡು ಸಿಹಿ ಗುಳಿಗೆ ಹಾಕಿ ಮಾಡಿದ್ದು ಮರುದಿನ ಚಮಚವನ್ನು ಬಗ್ಗಿಸುತ್ತದೆ. ಬೆಲ್ಲವನ್ನು ಬಿಸಿ ಹಾಲಿಗೆ ಹಾಕಿದರೆ ಒಡೆದೀತು, ಎರಡೂ ತಣ್ಣಗಾದ ಮೇಲೆ ಬೆರೆಸಿ. ಹಸಿ ಅನಾನಸ್ ಹಾಲಿನ ಪ್ರೋಟೀನನ್ನು ಮುರಿದು ಕಹಿ ಮಾಡುತ್ತದೆ, ಮೊದಲು ಬೇಯಿಸಿ. ರಸಪುರಿಯಲ್ಲಿ ನೀರು ಜಾಸ್ತಿ, ಬಾಣಲೆಯಲ್ಲಿ ಕೆದಕಿ ಮಂದ ಮಾಡಿ. ಸೀತಾಫಲದ ಒಂದೇ ಒಂದು ಬೀಜ ಉಳಿದರೂ ಸಾಕು, ಪ್ಯಾಡಲ್ ಅದನ್ನು ಹುಡುಕಿ ಹಿಡಿಯುತ್ತದೆ.

ಮೆಷಿನ್ ನಿಂತಾಗ ಒಳಗಿರುವುದು ಮೈನಸ್ 5-6 ಡಿಗ್ರಿಯ ಮೆತ್ತನೆ ಮುದ್ದೆ. ಕೆಟ್ಟುಹೋಯಿತೆಂದು ಇನ್ನರ್ಧ ಗಂಟೆ ತಿರುಗಿಸಿದರೆ ಕ್ರೀಮು ಕಡೆದು ಬೆಣ್ಣೆಯ ಕಾಳು ಕಾಣಿಸುತ್ತದೆ. ಮರದ ಇಲ್ಲವೇ ಪ್ಲಾಸ್ಟಿಕ್ ಸವುಟಿನಲ್ಲಿ ಬಳಿದು (ಸ್ಟೀಲಿನದು ಬಟ್ಟಲನ್ನು ಗೀರುತ್ತದೆ) ಅಗಲವಾದ ಡಬ್ಬಿಗೆ ತುಂಬಿ, ಮೇಲೆ ಬಟರ್ ಪೇಪರ್ ಒತ್ತಿ, ನಾಲ್ಕು ಗಂಟೆ ಫ್ರೀಜರ್‌ಗೆ. ಡಬ್ಬಿಯ ಮೇಲೆ ಹೆಸರು ಬರೆದು ಅಂಟಿಸುವುದನ್ನು ಮರೆಯಬೇಡಿ. ನಮ್ಮ ಮನೆಗಳಲ್ಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಐಸ್‌ಕ್ರೀಮ್ ಇರುತ್ತದೆಂದು ಯಾರೂ ನಂಬುವುದಿಲ್ಲ. ಬರೆಯದಿದ್ದರೆ, ಬಿಳಿ ವೆನಿಲಾ ಸೋಮವಾರ ಬೆಳಿಗ್ಗೆ ತೆಂಗಿನತುರಿಯೆಂದು ಹುರುಳಿಕಾಯಿ ಪಲ್ಯಕ್ಕೆ ಬೀಳುತ್ತದೆ.