ಅಜ್ಜಿ ಸೀರೆಗೆ ಚೌಕುಳಿ ಬೇಡ

ನಮ್ಮ ಗ್ಯಾಂಗಲ್ಲಿ ಅನಿಮೇಶನ್ ಓದ್ಕೊಂಡೋರು ಯಾರೂ ಇಲ್ಲ. ಒಬ್ಬ ಹಾಸನದಲ್ಲಿ ಬ್ಯಾಂಕ್ ಕೆಲ್ಸದಲ್ಲಿದಾನೆ, ಒಬ್ಳು ಬೇಲೂರಲ್ಲಿ ಟೀಚರು, ಇನ್ನೊಬ್ಬ ಚಿಕ್ಕಮಗಳೂರಲ್ಲಿ ಡಿಗ್ರಿ ಓದ್ತಾ ಇದಾನೆ ಅಂತ ಅವರ ಮನೇಲಿ ನಂಬ್ಕೊಂಡಿದಾರೆ, ಮತ್ತೊಬ್ಬ ಬೆಂಗಳೂರು ಸೇರ್ಕೊಂಡ, ಅವನ ಹತ್ರ ಮಾತ್ರ ಒಳ್ಳೇ ಪೆನ್ ಟ್ಯಾಬ್ಲೆಟ್ ಇರೋದ್ರಿಂದ ಅವನ ಮಾತಿಗೆ ಒಂಚೂರು ತೂಕ ಜಾಸ್ತಿ. ಎಲ್ಲಾ ಸೇರಿ ಮೂರು ನಿಮಿಷದ್ದು ಒಂದು ಅನಿಮೇಶನ್ ಫಿಲಂ ಮಾಡಣ ಅಂತ ಹೊರಟಿದೀವಿ. ಸಕಲೇಶಪುರದ ಕಡೆ ಒಂದು ಕಾಫಿ ತೋಟ, ಅಲ್ಲೊಬ್ಬಳು ಅಜ್ಜಿ, ತೋಟದ ಲೆಕ್ಕ ಬರ್ಯೋ ರೈಟ್ರು, ರಾತ್ರಿ ಬೇಲಿ ದಾಟಿ ಬರೋ ಒಂದು ಆನೆ, ಇಷ್ಟೇ ಕಥೆ. ದುಡ್ಡು ಅಂತೂ ಯಾರ ಹತ್ರಾನೂ ಇಲ್ಲ, ಸಾಫ್ಟ್‌ವೇರೆಲ್ಲಾ ಪುಕ್ಕಟೆದು, ಡ್ರಾಯಿಂಗಿಗೆ ಕ್ರಿಟಾ, ಆಮೇಲೆ ಚಿತ್ರ ಓಡಿಸೋಕೆ ಜಪಾನಿನ ಘಿಬ್ಲಿ ಅನ್ನೋ ಅನಿಮೇಶನ್ ಸ್ಟುಡಿಯೋದವರು ಬಳಸ್ತಿದ್ದ ಟೂನ್ಸ್ ಇತ್ತಲ್ಲ, ಅದು 2016ರಲ್ಲಿ ಓಪನ್‌ಟೂನ್ಸ್ ಅಂತ ಎಲ್ಲರಿಗೂ ಫ್ರೀ ಆಯ್ತು, ಅದು.

ಕಥೆ ಬರ್ಯೋವರೆಗೂ ಎಲ್ಲರೂ ಚೆನ್ನಾಗೇ ಇದ್ವಿ. ಜಗಳ ಶುರುವಾಗಿದ್ದು ಅಜ್ಜಿ ಸೀರೆಯಿಂದ.

ಲೆಕ್ಕ ಏನಪ್ಪಾ ಅಂದ್ರೆ, ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ, ಒಂದೊಂದು ಚಿತ್ರಾನ ಎರಡೆರಡು ಫ್ರೇಮ್ ನಿಲ್ಲಿಸಿದ್ರೂ ಸೆಕೆಂಡಿಗೆ 12 ಚಿತ್ರ ಬರೀಲೇಬೇಕು, ಮೂರು ನಿಮಿಷ ಪೂರ್ತಿ ಅಜ್ಜಿ ಓಡಾಡ್ತಾನೇ ಇದ್ಲು ಅಂದ್ರೆ 2160 ಅಜ್ಜಿ. ಈಗ ಆ ಸೀರೆಗೆ ಚೌಕುಳಿ ಹಾಕಿ ನೋಡಣ. ಚೌಕುಳಿ ಅಂದ್ರೆ ಬರೀ ಅಡ್ಡಗೆರೆ ಉದ್ದಗೆರೆ ಅಲ್ಲ, ನೆರಿಗೆ ಎಲ್ಲೆಲ್ಲಿ ಮಡಚುತ್ತೋ ಅಲ್ಲೆಲ್ಲಾ ಗೆರೆನೂ ಮಡಚಬೇಕು, ಅಜ್ಜಿ ಬಗ್ಗಿದ್ರೆ ಅದೂ ಬಗ್ಗಬೇಕು, ಮುಂದಿನ ಚಿತ್ರದಲ್ಲಿ ಒಂದು ಗೆರೆ ಕಾಲು ಇಂಚು ಆಕಡೆ ಹೋದ್ರೂ ಸೀರೆ ಮೈಮೇಲೆ ಕುದ್ಯೋಕೆ ಶುರು ಮಾಡುತ್ತೆ. ಚಿಕ್ಕಮಗಳೂರಿನವನು ಆ ಚೌಕುಳಿ ಸೀರೇನ ಎಷ್ಟು ಚೆಂದ ಬರ್ದು ಕಳಿಸಿದ್ದ ಅಂದ್ರೆ ಬೇಡ ಅನ್ನೋಕೆ ಹೊಟ್ಟೆ ಉರೀತು, ಆದ್ರೂ ಬೇಡ ಅಂದ್ವಿ. ಒಂದು ಬಣ್ಣ, ಒಂದು ಅಂಚು, ಮುಗೀತು.

ಇದಕ್ಕೆ ಬೇಲೂರು ಟೀಚರ್ ಒಪ್ಪಲ್ಲ. ಅವಳು ದಿನಾ ಬೆಳಗಾದ್ರೆ ಚೆನ್ನಕೇಶವನ ಗುಡಿ ಮುಂದೇನೇ ಸ್ಕೂಲಿಗೆ ಹೋಗೋಳು, 1117ರಲ್ಲಿ ಪ್ರತಿಷ್ಠೆ ಆದ ಗುಡಿ, ಅಲ್ಲಿ ಮದನಿಕೆಯರ ಸೊಂಟದ ಡಾಬಿನ ಒಂದೊಂದು ಮಣಿನೂ ಬಿಡಿಬಿಡಿಯಾಗಿ ಕಾಣುತ್ತೆ, ಅವರು ಮಾಡಿಲ್ವಾ ನಮಗೇನು ರೋಗ ಅಂತ ಅವಳ ವಾದ. ಮಾಡಿದಾರೆ ತಾಯಿ, ಆದ್ರೆ ಬಳಪದ ಕಲ್ಲು ಗಣಿಯಿಂದ ತೆಗ್ದಾಗ ಮೆತ್ತಗಿರುತ್ತೆ, ಕೆತ್ತೋದೂ ಒಂದೇ ಸಲ, ಕೆತ್ತಿದ ಮೇಲೆ ಆಯಮ್ಮ ಒಂಬೈನೂರು ವರ್ಷದಿಂದ ಕನ್ನಡಿ ನೋಡ್ಕೊಂಡು ಅಲ್ಲೇ ನಿಂತವಳೆ. ನಮ್ಮ ಅಜ್ಜಿ ಮೆಣಸಿನ ಬಳ್ಳಿ ಹತ್ರ ಹೋಗಿ ವಾಪಸ್ ಬರಬೇಕು. ಇನ್ನೊಂದು ವಿಷ್ಯ ಅಂದ್ರೆ ಅಲ್ಲಿ ದಾಸೋಜ, ಅವನ ಮಗ ಚಾವಣ ಇವರೆಲ್ಲಾ ತಾವು ಮಾಡಿದ ಶಿಲ್ಪದ ಕೆಳಗೆ ಹೆಸರು ಕೆತ್ಕೊಂಡಿದಾರೆ, ಇದು ನಂದು ಅಂತ. ನಮ್ಮಲ್ಲಿ ಉಲ್ಟಾ, ಯಾವ ಅಜ್ಜಿ ಯಾರು ಬರ್ದಿದ್ದು ಅಂತ ಗೊತ್ತಾದ್ರೆ ಕೆಲ್ಸ ಕೆಟ್ಟಂಗೆ.

ಅದಕ್ಕೇ ಮಾಡೆಲ್ ಶೀಟ್, ಅಂದ್ರೆ ಪಾತ್ರ ಹೆಂಗಿರಬೇಕು ಅಂತ ಎಲ್ಲರೂ ನೋಡ್ಕೊಂಡು ಬರ್ಯೋ ಹಾಳೆ. ಮುಂದಿನಿಂದ, ಮುಕ್ಕಾಲು ತಿರುಗಿ, ಪಕ್ಕದಿಂದ, ಹಿಂದಿನಿಂದ, ಒಂದೇ ಎತ್ತರಕ್ಕೆ ಗೆರೆ ಎಳೆದು ಸಾಲಾಗಿ ನಿಲ್ಲಿಸೋದು, ತಲೆ ಎಷ್ಟು ದೊಡ್ಡದು, ಮೈ ಎಷ್ಟು ತಲೆ ಉದ್ದ, ಕೈ ಎಲ್ಲಿಗೆ ಬರುತ್ತೆ ಎಲ್ಲಾ ಅದರಲ್ಲಿ. ಬರೀತಾ ಬರೀತಾ ಗೊತ್ತಾಗುತ್ತೆ ನೋಡಿ, ನಾವು ನಮಗೋಸ್ಕರ ಬರೀತಿಲ್ಲ, ರಾತ್ರಿ ಹತ್ತು ಗಂಟೆಗೆ ಬ್ಯಾಂಕ್ ಕೆಲ್ಸ ಮುಗ್ಸಿ ಸುಸ್ತಾಗಿ ಕೂತ್ಕೊಳೋ ಇನ್ನೊಬ್ಬನ ಕೈಗೋಸ್ಕರ ಬರೀತಿದೀವಿ ಅಂತ.

ಆ ಸುಸ್ತಾದ ಕೈ ಮಾಡೋ ಮೊದಲ್ನೇ ಕೆಲ್ಸ ಅಂದ್ರೆ ಫ್ಲಿಪ್. ಎಡಕ್ಕೆ ನಡ್ಯೋ ಅಜ್ಜಿ ರೆಡಿ ಇದಾಳೆ, ಬಲಕ್ಕೆ ನಡೀಬೇಕಾದ್ರೆ ಕನ್ನಡಿ ಹೊಡ್ಸಿದ್ರಾಯ್ತು. ಆಗ ಎಡಗಡೆ ಮೂಗುತಿ ಬಲಗಡೆ ಹಾರುತ್ತೆ, ಎಡ ಹೆಗಲಿನ ಸೆರಗು ಬಲ ಹೆಗಲಿಗೆ. ಮೂಗುತಿ ತೆಗೀರಿ ಅಂದ್ರೆ ಯಾರೂ ಒಪ್ಪಲಿಲ್ಲ, ಮೂಗುತಿ ಇಲ್ದೆ ಅದೆಂಥ ಅಜ್ಜಿ. ಕೊನೆಗೆ ಟೀಚರೇ ಹೇಳಿದ್ದು, ನಮ್ಮ ಕಡೆ ಹಳೇ ಹೆಂಗಸರು ಎರಡೂ ಕಡೆ ಮೂಗು ಚುಚ್ಚಿಸ್ಕೊಳ್ತಿದ್ರಲ್ಲ, ಎರಡೂ ಕಡೆ ಇಡಿ ಅಂತ. ಸೆರಗಿಗೆ ಕಂಬಳಿ ಕೊಪ್ಪೆ ಹೊದಿಸಿಬಿಟ್ವಿ, ಹೆಂಗೂ ಕಥೆ ನಡ್ಯೋದು ಮಳೆಗಾಲದಲ್ಲಿ. ಈಗೆಲ್ಲಾ ಪ್ಲಾಸ್ಟಿಕ್ ಕೊಪ್ಪೆನೇ ಜಾಸ್ತಿ ಅನ್ನೋದು ನಿಜ, ಆದ್ರೆ ಆ ಪ್ಲಾಸ್ಟಿಕ್ಕಿನ ಹೊಳಪು ಯಾರು ಬರೀತಾರೆ. ಕೊಪ್ಪೆಯಿಂದ ಇನ್ನೊಂದು ಲಾಭ ಆಯ್ತು, ಪಾತ್ರಾನ ಪೂರ್ತಿ ಕಪ್ಪು ಬಳ್ದು ನೆರಳು ನೋಡೋ ಟೆಸ್ಟ್ ಇದೆಯಲ್ಲ, ಅದರಲ್ಲಿ ಅಜ್ಜಿ ತ್ರಿಕೋನ, ಛತ್ರಿ ಹಿಡ್ದ ರೈಟ್ರು ಉದ್ದ ಕೋಲು, ಆನೆ ಗುಂಡು, ಮೊಬೈಲಲ್ಲಿ ಬೆರಳಿನ ಉಗುರಷ್ಟು ಕಂಡ್ರೂ ಯಾರು ಯಾರು ಅಂತ ಗೊತ್ತಾಗುತ್ತೆ.

ಆನೆ ವಿಷ್ಯಕ್ಕೆ ಬರ್ತೀನಿ. ಬೆಂಗಳೂರಿನವನು ನೆಟ್ಟಲ್ಲಿ ಫೋಟೋ ನೋಡ್ಕೊಂಡು ಒಂದು ಆನೆ ಬರ್ದು ಕಳಿಸ್ದ, ಮೊರದಗಲ ಕಿವಿ, ನಡು ತಗ್ಗಾಗಿರೋ ಬೆನ್ನು, ಅಪ್ಪಟ ಆಫ್ರಿಕಾದ್ದು. ನಮ್ಮ ಆನೆಗೆ ಕಿವಿ ಚಿಕ್ಕದು, ಬೆನ್ನು ಉಬ್ಬಿರುತ್ತೆ, ಹಣೆ ಮೇಲೆ ಎರಡು ಗುಬುಟು, ಸೊಂಡ್ಲು ತುದೀಲಿ ಒಂದೇ ಬೆರಳು, ಆಫ್ರಿಕಾದ್ದಕ್ಕೆ ಎರಡು. ಆಲೂರು ಸಕಲೇಶಪುರದಲ್ಲಿ ಈ ಫಿಲಂ ತೋರ್ಸಿದ್ರೆ ಚಿಕ್ಕ ಮಗು ಎದ್ದು ನಿಂತು ಇದ್ಯಾವ ಆನೆ ಅಂತ ಕೇಳುತ್ತೆ, ಅಲ್ಲಿ ಆನೆ ಅನ್ನೋದು ಪಿಕ್ಚರ್ ಬುಕ್ಕಿನ ಪ್ರಾಣಿ ಅಲ್ವಲ್ಲ, ಸಂಜೆ ಮೇಲೆ ಬೈಕ್ ತೆಗೀಬೇಕಾ ಬೇಡ್ವಾ ಅಂತ ಯೋಚ್ನೆ ಮಾಡ್ಸೋದು.

ನಮ್ಮದು ಹೆಣ್ಣಾನೆ, ಉದ್ದ ದಂತ ಇರಲ್ಲ, ಬರ್ಯೋ ಕೆಲ್ಸ ಅಷ್ಟು ಕಮ್ಮಿ. ಮುಂಗಾಲಿಗೆ ಐದು ಉಗುರು ಹಿಂಗಾಲಿಗೆ ನಾಲ್ಕು ಇರುತ್ತೆ, ನಾವು ಎಲ್ಲಾ ಕಾಲಿಗೂ ಮೂರು ಅಂತ ತೀರ್ಮಾನ ಮಾಡಿದೀವಿ, ಆನೆ ಕ್ಷಮಿಸ್ಲಿ. ಆದ್ರೆ ನನಗೆ ಖುಷಿ ಕೊಟ್ಟಿದ್ದು ಅದರ ಕತ್ತು. ಗುಂಪು ನಡೆಸೋ ಹೆಣ್ಣಾನೆಗೆ ಅರಣ್ಯ ಇಲಾಖೆಯವರು ರೇಡಿಯೋ ಕಾಲರ್ ಹಾಕ್ತಾರೆ, ಎಲ್ಲಿದೆ ಅಂತ ತಿಳ್ಕೊಂಡು ಊರಿನವರಿಗೆ ಮೆಸೇಜ್ ಹೋಗ್ಲಿ ಅಂತ. ನಾವೂ ಒಂದು ಹಾಕಿದ್ವಿ, ಕಥೆಗೆ ಬೇಕಿತ್ತು. ಹಾಕಿ ನೋಡಿದ್ರೆ ಇದು ಆ ಟೀವಿ ಕಾರ್ಟೂನಿನ ಯೋಗಿ ಕರಡಿಯ ಕಾಲರ್ ಕೆಲ್ಸಾನೇ ಮಾಡ್ತಿದೆ! 1958ರ ಹೊತ್ತಲ್ಲಿ ಆ ಕಾರ್ಟೂನ್ ಮಾಡ್ತಿದ್ದ ಹನ್ನಾ-ಬಾರ್ಬೆರಾದವರಿಗೆ ಟೀವಿಯವರು ಕೊಡ್ತಿದ್ದ ದುಡ್ಡು ಕಮ್ಮಿ, ಅದಕ್ಕೆ ಮೈ ಒಂದೇ ಚಿತ್ರ ಇಟ್ಕೊಂಡು ಬರೀ ತಲೆ ಆಡಿಸೋರು, ತಲೆ ಮೈ ಸೇರೋ ಜಾಗ ಕಾಣಬಾರ್ದು ಅಂತ ಕತ್ತಿಗೆ ಕಾಲರ್ ಮತ್ತೆ ಟೈ. ನಮ್ಮ ಆನೆನೂ ಈಗ ಮೈ ನಿಲ್ಲಿಸ್ಕೊಂಡು ತಲೆ ಮಾತ್ರ ತಿರುಗಿಸಿ ರೈಟ್ರನ್ನ ಗುರಾಯಿಸಬಹುದು, ಆ ಒಂದು ಶಾಟಲ್ಲೇ ಬ್ಯಾಂಕಿನವನಿಗೆ ಒಂದು ವಾರದ ನಿದ್ದೆ ಉಳೀತು ಅನ್ಕೊಳಿ.

ಬಣ್ಣದ್ದು ಜಾಸ್ತಿ ಹೇಳಲ್ಲ. ಬೂದಿ ಬಣ್ಣದ ಆನೆ ಬೆಳಗಿನ ಮಂಜಲ್ಲಿ ಮಾಯ ಆಗ್ತಿತ್ತು, ಹೆಂಗೂ ಮಣ್ಣು ಎರಚ್ಕೊಂಡೇ ಓಡಾಡೋ ಪ್ರಾಣಿ, ಕೆಮ್ಮಣ್ಣಿನ ಬಣ್ಣ ಕೊಟ್ಟು ಕೋಡ್ ನಂಬರ್ ಶೀಟಲ್ಲೇ ಬರ್ದಿಟ್ವಿ, ಇಲ್ದಿದ್ರೆ ಒಬ್ಬೊಬ್ಬರ ಮನೇಲಿ ಒಂದೊಂದು ಆನೆ.

ಬಾಕಿ ಇರೋದು ಬಾಯಿ. ಒಂದೊಂದು ಸದ್ದಿಗೆ ತುಟಿ ಹೆಂಗಿರಬೇಕು ಅನ್ನೋ ಚಾರ್ಟ್ ಸಿಗುತ್ತೆ, ಎಲ್ಲಾ ಇಂಗ್ಲಿಷಿಂದು. ನಮಗೆ ಪ ಬ ಮಗೆ ಮುಚ್ಚಿದ ಬಾಯಿ, ಒ ಓಗೆ ಗುಂಡು ಬಾಯಿ ಬೇಕೇ ಬೇಕು, ಣ ಳ ಎಲ್ಲಾ ನಾಲಿಗೆ ಒಳಗೇ ಮಾಡ್ಕೊಳುತ್ತೆ, ಹೊರಗಡೆ ಕಾಣಲ್ಲ, ಮತ್ತೆ ನಮ್ಮ ಮಾತು ಬಹಳಷ್ಟು ಸ್ವರದಲ್ಲೇ ಮುಗ್ಯೋದ್ರಿಂದ ಅಜ್ಜಿ ಪ್ರತಿ ಸಲ ಮಾತು ಮುಗಿಸಿ ಬಾಯಿ ಬಿಟ್ಕೊಂಡೇ ನಿಂತಂಗೆ ಕಾಣುತ್ತೆ. ಅದಕ್ಕೆ ಚಿಕ್ಕಮಗಳೂರಿನವನು ಕೊಟ್ಟ ಐಡಿಯಾ ಎಲೆ ಅಡಿಕೆ. ಅಜ್ಜಿ ಬಾಯಲ್ಲಿ ಎಲೆ ಅಡಿಕೆ ಇದ್ರೆ ಮಾತಾಡ್ಲಿ ಬಿಡ್ಲಿ ಬಾಯಿ ಆಡ್ತಾನೇ ಇರುತ್ತೆ, ಲಿಪ್ ಸಿಂಕ್ ಅರ್ಧ ತಪ್ಪಿದ್ರೂ ಯಾರಿಗೂ ಗೊತ್ತಾಗಲ್ಲ. ಎಲ್ಲರೂ ಒಪ್ಪಿದ್ವಿ, ಅವನ ಬೆನ್ನೂ ತಟ್ಟಿದ್ವಿ, ಅಷ್ಟೊತ್ತಿಗೆ ಬೆಂಗಳೂರಿನವನು ಕೇಳ್ದ, ಎಲೆ ಅಡಿಕೆ ಯಾವ ದವಡೆಗೆ, ಫ್ಲಿಪ್ ಮಾಡಿದ್ರೆ ಆ ಉಬ್ಬು ಆಕಡೆ ಹೋಗಲ್ವಾ ಅಂತ. ಹೋಗ್ಲಿ ಬಿಡೋ, ಅಜ್ಜಿ ಅದನ್ನ ಆಕಡೆ ಈಕಡೆ ಮಾಡ್ಕೊಂಡೇ ಜಗ್ಯೋದು ಅಂತ ಟೀಚರ್ ಅಂದ್ಲು, ಶೀಟಲ್ಲಿ ಹಂಗೇ ಬರ್ದಾಗಿದೆ.